ಮಂತ್ರಿಯ ಪಾಲಿನ ಲಿವರ್

ಒಂದು ಕಾಡಿನಲ್ಲಿ ಹುಲಿ ರಾಜ, ನರಿಯಪ್ಪ ಮಂತ್ರಿ. ರಾಜನಿಗೆ ಬೇಟೆ, ನಿದ್ದೆ, ಆಕಳಿಕೆ ಇಷ್ಟೇ ಗೊತ್ತು. ಉಳಿದದ್ದೆಲ್ಲ ಮಂತ್ರಿಯ ಕಾರುಬಾರು. ಅಲ್ಲೊಂದು ಪದ್ಧತಿಯಿತ್ತು. ರಾಜ ಏನೇ ಬೇಟೆಯಾಡಿದರೂ ಅದರ ಲಿವರ್ ಮಂತ್ರಿಗೆ ಸಲ್ಲಬೇಕು. ಮೆತ್ತಗಿರುತ್ತದೆ, ರುಚಿಯಾಗಿರುತ್ತದೆ. ಮಂತ್ರಿ ಬಿಡುತ್ತಾನೆಯೇ?

ಕಾಡಿನಂಚಿಗೆ ಒಂದು ಬಣ್ಣದ ಕಾರ್ಖಾನೆ ಬಂತು. ಅದರ ಕೊಳಚೆಯೆಲ್ಲ ಮೋರಿಯಲ್ಲಿ ಹರಿದು ಹಳ್ಳ ಸೇರಿತು. ಕಾರ್ಖಾನೆಯವರು ನರಿಯಪ್ಪನಿಗೆ ದಿನಾ ಒಂದು ಕೋಳಿ ಎಸೆಯುತ್ತಿದ್ದರು. ಪ್ರಾಣಿಗಳ ಬಾಯಿ ಮುಚ್ಚಿಸುವುದು ಅವನ ಕೆಲಸ. "ಹಳ್ಳಕ್ಕೆ ಟಾನಿಕ್ ಬಂದಿದೆ, ಕುಡಿದು ಗುಂಡುಗುಂಡಾಗಿ!" ಎಂದು ಡಂಗುರ ಹೊಡೆಸಿದ. ತಾನು ಮಾತ್ರ ಗುಡ್ಡ ಹತ್ತಿ ಒರತೆಯ ನೀರು ಕುಡಿದ. ಕಳ್ಳ ನನ್ಮಗ!

ಒಂದು ದಿನ ಕಾಡುಹಂದಿ ಕೆಂಚವ್ವ ಓಡಿ ಬಂದಳು.

"ಮಂತ್ರಿಗಳೇ, ನನ್ನ ಮರಿ ಗೆಡ್ಡೆ ಕೊಟ್ಟರೂ ಮೂಸಲ್ಲ. ಮೈ ಬೆಳೀತಿಲ್ಲ, ಹೊಟ್ಟೆ ಮಾತ್ರ ಊದಿದೆ, ಕಣ್ಣು ಹಳದಿಯಾಗಿದೆ. ಆ ಮೋರಿ ಮುಚ್ಚಿಸಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಹುಚ್ಚಿ! ಹೊಟ್ಟೆ ಬಂತು ಅಂದರೆ ಸಿರಿ ಬಂತು ಅಂತ. ಮೋರಿಗೆ ಮೂತಿ ಹಾಕಿದರೆ ನಾಳೆ ರಾಜನ ಊಟಕ್ಕೆ ನೀನೇ!" ಎಂದು ನರಿಯಪ್ಪ ಗದರಿದ. ಕೆಂಚವ್ವ ಅಳುತ್ತಾ ಹೋದಳು.

ಸ್ವಲ್ಪ ಕಾಲಕ್ಕೆ ನರಿಯಪ್ಪನ ಹೊಟ್ಟೆಯೂ ಊದಿತು. ಕಣ್ಣು ಅರಿಸಿನ ಬಳಿದಂತಾಯಿತು. ಕೋಳಿ ಕಂಡರೆ ವಾಂತಿ. ಅವನು ಮುದಿ ರಣಹದ್ದು ಬೋಳಜ್ಜನ ಬಳಿ ಹೋದ. ಕಾಡಿನವರ ಹೊಟ್ಟೆಯೊಳಗೆಲ್ಲ ತಲೆ ಹಾಕಿ ನೋಡಿದವನು ಅವನೊಬ್ಬನೇ.

"ಅಜ್ಜಾ, ಹಳ್ಳದ ನೀರು ವಿಷ ಅಂತ ಗೊತ್ತಿದ್ದೇ ನಾನು ಒಂದು ಹನಿ ಮುಟ್ಟಲಿಲ್ಲ. ನನಗ್ಯಾಕೆ ಹೀಗಾಯ್ತು?"

"ಲಿವರ್ ಅನ್ನೋದು ಮೈಯ ಅಡುಗೆಮನೆ ಕಣೋ. ತಿಂದದ್ದನ್ನು ಶಕ್ತಿ ಮಾಡೋದೂ ಅದೇ, ವಿಷ ಸೋಸೋದೂ ಅದೇ. ಸೋಸಿ ಸೋಸಿ ಸುಸ್ತಾದರೆ ವಿಷ ಅಲ್ಲೇ ಕೂತುಬಿಡುತ್ತೆ. ಹಳ್ಳದ ಪ್ರಾಣಿಗಳು ಗುಟುಕು ಗುಟುಕಾಗಿ ಕುಡಿದದ್ದನ್ನು ನೀನು ಅವುಗಳ ಲಿವರ್ ತಿಂದು ತುತ್ತು ತುತ್ತಾಗಿ ನುಂಗಿದೆ. ಮಾಡಿದ್ದುಣ್ಣೋ ಮಹರಾಯ!"

ಪೊದೆಯ ಹಿಂದಿದ್ದ ಕೆಂಚವ್ವನಿಗೆ ಇದೆಲ್ಲ ಕೇಳಿಸಿತು. ಅವಳು ಕಾಡಿಗೆಲ್ಲ ಸಾರಿದಳು. "ನನ್ನ ಊಟಕ್ಕೇ ವಿಷವಾ?" ಎಂದು ಗರ್ಜಿಸಿದ ರಾಜನಿಗೆ ಮೊದಲ ಸಲ ಆಕಳಿಕೆ ನಿಂತಿತು. ಹಂದಿಗಳೆಲ್ಲ ಸೇರಿ ಮೂತಿಯಿಂದ ಮಣ್ಣು ದೂಡಿ ಮೋರಿ ಮುಚ್ಚಿದವು. ಕೊಳಚೆ ತಿರುಗಿ ಕಾರ್ಖಾನೆಯ ಅಂಗಳಕ್ಕೇ ನುಗ್ಗಿತು. ಮಳೆ ಬಂದು ಹಳ್ಳ ತೊಳೆಯಿತು. ಮರಿಯದು ಎಳೆಯ ಲಿವರ್, ಮೆಲ್ಲಗೆ ಮತ್ತೆ ಚಿಗುರಿತು. ಕೆಂಚವ್ವನ ಮರಿ ಕೆಸರಿನಲ್ಲಿ ಹೊರಳಿ ಗೆಡ್ಡೆ ಬೇಡಿತು.

ನರಿಯಪ್ಪನದು ಚಿಗುರಲಿಲ್ಲ.

"ಅಜ್ಜಾ, ನಾನು ಸತ್ತರೆ?" ಎಂದು ನರಳಿದ.

"ಹೆದರಬೇಡ, ನಾನು ಪಕ್ಕದಲ್ಲೇ ಇರ್ತೀನಿ," ಎಂದ ಬೋಳಜ್ಜ. "ಆದರೆ ನಿನ್ನ ಲಿವರ್ ಮಾತ್ರ ಮುಟ್ಟಲ್ಲಪ್ಪ. ನನಗೂ ಮೊಮ್ಮಕ್ಕಳಿದ್ದಾರೆ."

ನೀತಿ: ಎಲ್ಲರ ನೀರಿಗೆ ವಿಷ ಸೇರಲು ಬಿಟ್ಟವನು ತಾನೊಬ್ಬ ಬೇರೆ ನೀರು ಕುಡಿದು ಪಾರಾಗಲಾರ. ಅದು ಅವನ ತಟ್ಟೆಗೇ ಬಂದು ಬೀಳುತ್ತದೆ.