ಹೊಲಿದ ಬಾಯಿಗೆ ಹಾಲು

ಕರಿಹೊಂಡದ ಪೂಜ್ಯ ಶ್ರೀ ಬೂದಯ್ಯಜ್ಜನವರ ಮಠವೆಂದರೆ ಈಗ ನಾವು ಕಾಣುವ ಕಲ್ಲಿನ ಕಟ್ಟಡವಲ್ಲ. ಪೂಜ್ಯರು ದೇಹದಲ್ಲಿದ್ದ ಕಾಲದಲ್ಲಿ ಅದು ಊರಾಚೆಯ ಒಂದು ಜೋಪಡಿ. ಮುಂದೆ ಈಶ್ವರನ ಸಣ್ಣ ಗುಡಿ, ಹಿಂದೆ ಹೊಂಡ, ಹೊಂಡದ ಆಚೆ ದಡದಲ್ಲಿ ದುರುಗಪ್ಪನೆಂಬವನು ತೊಗಲು ಹದ ಮಾಡುವ ಕುಣಿಗಳು. ಆ ಕಡೆಯ ಗಾಳಿ ಬೀಸಿತೆಂದರೆ ಹಸಿ ತೊಗಲಿನ ನಾತ ಗರ್ಭಗುಡಿಯವರೆಗೂ ಬರುತ್ತಿತ್ತು. ಅಜ್ಜನವರು ಗೋಣಿತಟ್ಟಿನ ಮೇಲೆ ಕೂಡುತ್ತಿದ್ದರು. ಭಕ್ತರೊಬ್ಬರು ಒಮ್ಮೆ ಆಸನಕ್ಕೆಂದು ಜಿಂಕೆಯ ಚರ್ಮ ತಂದು ಹಾಸಿದಾಗ, "ಇದು ಯಾರ ಮೈಮ್ಯಾಲಿಂದು?" ಎಂದು ಕೇಳಿ, ಮೆಲ್ಲಗೆ ಮಡಿಚಿ ಅವರ ಕೈಗೇ ಕೊಟ್ಟುಬಿಟ್ಟರಂತೆ. ಪೂಜ್ಯರು ಕಾಲಿಗೆ ಕೆರ ಮೆಟ್ಟಿದವರಲ್ಲ. ಮೆಟ್ಟಿ ಬಂದವರನ್ನು ಬೈದವರೂ ಅಲ್ಲ.

ದುರುಗಪ್ಪನಿಗೆ ಆ ಜಾಗ ತೋರಿಸಿ ನೆಲೆಗೊಳಿಸಿದವರೂ ಅಜ್ಜನವರೇ. ಅವನು ಸತ್ತ ದನಗಳ ತೊಗಲು ಬಿಡಿಸುತ್ತಿದ್ದ. ಸಂತೆಯ ದಿನ ಕುರಿ ಕಡಿದು ಮಾರುತ್ತಿದ್ದ. ಕುರಿ ಕಡಿದ ದಿನ ಮಾತ್ರ ಅವನು ಮಠದ ಕಡೆ ಸುಳಿಯುತ್ತಿರಲಿಲ್ಲ, ಆಚೆ ದಡದಿಂದಲೇ ಕೈ ಮುಗಿಯುತ್ತಿದ್ದ. ಅಜ್ಜನವರು ಒಮ್ಮೆ ತಾವೇ ದಡಕ್ಕೆ ಬಂದು ಕೇಳಿದರು:

"ಯಾಕೋ ದುರುಗಾ, ಈ ಕಡೆ ಬರವಲ್ಲಿ?"

"ಇವತ್ತ ಜೀವ ತಗದೇನ್ರಿ ಯಪ್ಪಾ. ಅದು ನನ್ನ ಮಾರಿ ನೋಡಿತ್ತು."

ಪೂಜ್ಯರು "ಇರಲಿ ಬಿಡು" ಎನ್ನಲಿಲ್ಲ. ತಿರುಗಿ ಮಠದೊಳಗೆ ಹೋದರು. ಅವನ ಕತ್ತಿಯನ್ನು ಅವರು ಎಂದೂ ಸರಿಯೆಂದವರಲ್ಲ. ಮುಂದಿನದನ್ನು ಓದುವಾಗ ಸದ್ಭಕ್ತರು ಇದನ್ನು ಮರೆಯಬಾರದು.

ಆ ಊರಿನಲ್ಲಿ ಪರ್ವತಗೌಡರು ದೊಡ್ಡ ಕುಳ. ಹಟ್ಟಿ ತುಂಬ ಆಕಳು. ಈಶ್ವರನ ಅಭಿಷೇಕಕ್ಕೆ ಹಾಲು ಅವರ ಮನೆಯದೇ, ಅದೂ ಬೆಳ್ಳಿಯ ಗಿಂಡಿಯಲ್ಲಿ. ಮಾಂಸವೆಂಬ ಮಾತು ಕಿವಿಗೆ ಬಿದ್ದರೂ ಬಾಯಿ ಮುಕ್ಕಳಿಸುವಂಥ ಆಚಾರ. ಶ್ರಾವಣದ ಕಡೆಯ ಸೋಮವಾರ ಇನ್ನೇನು ಬಂತೆನ್ನುವಾಗ ಅವರು ನಾಲ್ಕು ಜನರನ್ನು ಕಟ್ಟಿಕೊಂಡು ಮಠಕ್ಕೆ ಬಂದರು.

"ಅಜ್ಜಾರ, ನಾಳೆ ಅಭಿಷೇಕಕ್ಕ ಸುತ್ತಿನ ಮಂದಿ ಎಲ್ಲಾ ಬರ್ತಾರ. ಮೂಗು ಮುಚ್ಚಿಕೊಂಡು ಮಂತ್ರಾ ಹೇಳಬೇಕೇನ್ರಿ? ಆ ಕಟುಕನ್ನ ಗುಡಿ ಬೆನ್ನಿಗೆ ಇಟಗೊಂಡು ನಮಗ್ಯಾವ ಪುಣ್ಯಾ ಬರ್ತೈತಿ? ಆ ಜಾಗಾನೂ ನಂದ. ನೀವು ಕರಕೊಂಡು ಬಂದು ಇಟ್ಟೀರಿ ಅಂತ ಸುಮ್ಮನದೇನಿ. 'ಹೂಂ' ಅನ್ರಿ, ಸಂಜೀಗೆ ಗುಡಸಲಾ ಕೀಳಸತೀನಿ."

ದುರುಗಪ್ಪ ಅಂಗಳದ ಅಂಚಿನಲ್ಲಿ ನಿಂತಿದ್ದ. ಕುಣಿಗೆ ನೀರು ಬೇಕು. ಆ ದಡ ಬಿಟ್ಟರೆ ಅವನಿಗೆ ಬದುಕಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಹುಲಿಗೆವ್ವ ಸುಮ್ಮನಿರುವ ಹೆಂಗಸಲ್ಲ.

"ಗೌಡ್ರ, ನಿಮ್ಮ ಹಟ್ಟ್ಯಾಗ ದನಾ ಸತ್ತಾಗ ಈ ಮೂಗು ಎಲ್ಲಿ ಇಟ್ಟಿರತೀರಿ? ಆವಾಗ 'ದುರುಗಪ್ಪಾ, ಲಗೂ ಬಾರೋ' ಅಂತ ಆಳಿನ ಮ್ಯಾಲೆ ಆಳ ಕಳಸತೀರಲ್ಲ!"

ಯಾರೋ ಕಿಸಕ್ಕನೆ ನಕ್ಕರು. ಗೌಡರ ಮುಖ ಕೆಂಪಾಯಿತು.

"ಏ, ಬಾಯಿ ಮುಚ್ಚ! ನಮ್ಮ ಮನ್ಯಾಗ ಇರವಿ ತುಳದ್ರೂ ಶಿವಶಿವಾ ಅಂತೀವಿ. ನಿನ್ನ ಗಂಡನಂಗ ಜೀವಾ ತಗದು ತಕ್ಕಡ್ಯಾಗ ತೂಗಾಂಗಿಲ್ಲ."

ಅಜ್ಜನವರು ತಲೆಯೆತ್ತಿದರು. "ನಾಳೆ ಹೇಳತೀನಿ ಗೌಡಾ. ನಾಳೆ ಹಾಲು ಗಿಂಡ್ಯಾಗ ತರಬ್ಯಾಡ. ಆಕಳನ್ನ ಹೊಡಕೊಂಡು ಬಾ. ದೇವರ ಮುಂದ ಹಿಂಡೋಣು."

ಗೌಡರಿಗೆ ಇದಕ್ಕಿಂತ ದೊಡ್ಡ ಮಾನವೇನಿತ್ತು! ಮಾರನೆಯ ಬೆಳಿಗ್ಗೆ ಕೆಂದಿ ಎಂಬ ತಮ್ಮ ಮುದ್ದಿನ ಆಕಳಿಗೆ ಮೈ ತೊಳೆಸಿ, ಅರಿಷಿಣ ಕುಂಕುಮ ಹಚ್ಚಿಸಿ, ವಾಲಗದೊಂದಿಗೆ ಕರೆತಂದರು. ಗುಡಿಯ ಮುಂದೆ ಜನ ನೆರೆದಿತ್ತು. ದುರುಗಪ್ಪ ಗಂಡಹೆಂಡಿರು ಹಿಂದೆ ಹೊಂಡದ ಏರಿಯ ಮೇಲೆ ನಿಂತು ತಮ್ಮ ತೀರ್ಪಿಗಾಗಿ ಕಾಯುತ್ತಿದ್ದರು.

ಆಳು ಕುಕ್ಕರಗಾಲಲ್ಲಿ ಕೂತು ಕೆಚ್ಚಲಿಗೆ ನೀರು ಚಿಮುಕಿಸಿದ, ಮೊಲೆ ನೀವಿದ. ಹನಿ ಹಾಲಿಲ್ಲ. ಹಿಂಡಿ ತಿನ್ನಿಸಿದರು, ಕೊರಳು ಕೆರೆದರು. ಕೆಂದಿ ಬಂದ ದಾರಿಯ ಕಡೆಗೇ ಕತ್ತು ತಿರುಗಿಸಿ ಒದರುತ್ತ ನಿಂತಿತು. ಆಳು ಸಣ್ಣ ದನಿಯಲ್ಲಿ, "ಗೌಡ್ರ, ಅದು ಬೇಕ್ರಿ. ಅದಿಲ್ದ ಇದು ಬಿಡಾಂಗಿಲ್ಲ" ಎಂದ.

"ಯಾವದು?" ಎಂದರು ಅಜ್ಜನವರು.

"ಏನಿಲ್ರಿ ಅಜ್ಜಾರ, ಹೊಸಾ ಜಾಗಾ ನೋಡಿ ಬೆದರೈತಿ..."

"ತರಸು."

ತಂದರು. ಧೋತರದಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತು ತಂದರು. ಬಟ್ಟೆ ಬಿಚ್ಚಿದಾಗ ಅದೊಂದು ಕರು. ಜೀವದ ಕರುವಲ್ಲ. ಸತ್ತ ಕರುವಿನ ತೊಗಲು ಸುಲಿದು, ಒಳಗೆ ಒಣಹುಲ್ಲು ತುಂಬಿ, ಬಿದಿರ ಕೋಲಿನ ಕಾಲು ಕೊಟ್ಟು ಹೊಲಿದದ್ದು. ಕಣ್ಣಿದ್ದಲ್ಲಿ ಎರಡು ತೂತು. ಬಾಯಿಗೆ ತೊಗಲಿನ ದಾರದ ಹೊಲಿಗೆ. ಕರು ಸತ್ತರೆ ತಾಯಿ ಹಾಲು ಇಳಿಸುವುದಿಲ್ಲವೆಂದು ಹೀಗೆ ಮಾಡಿ ಎದುರಿಗೆ ನಿಲ್ಲಿಸುತ್ತಾರೆ. ನೆರೆದವರಲ್ಲಿ ಅನೇಕರು ತಮ್ಮ ಹಟ್ಟಿಯಲ್ಲಿ ಇದನ್ನು ಕಂಡವರೇ. ದೇವರ ಮುಂದೆ ಕಂಡಿರಲಿಲ್ಲ.

ಕೆಂದಿ ಹಗ್ಗ ಜಗ್ಗಿಕೊಂಡು ಬಂದು ಅದರ ಹಣೆ ನೆಕ್ಕತೊಡಗಿತು. ನೆಕ್ಕಿ ನೆಕ್ಕಿ ಅಲ್ಲಿನ ಕೂದಲೆಲ್ಲ ಆಗಲೇ ಉದುರಿಹೋಗಿ ತೊಗಲು ಬೋಳಾಗಿತ್ತು. ನೆಕ್ಕುತ್ತಿದ್ದಂತೆ ಕೆಚ್ಚಲು ಬಿಗಿದು ಹಾಲು ತಾನಾಗಿ ಸುರಿಯಿತು. ಗಿಂಡಿ ತುಂಬಿತು. ವಾಲಗದವರು ಊದುವುದನ್ನು ಮರೆತರು.

"ಈ ಕೂಸಿಗೆ ಏನಾಗಿತ್ತೋ ಗೌಡಾ?"

"ಸತ್ತೋತ್ರಿ."

"ಬ್ಯಾನಿಯೇನು?"

ಗೌಡರು ನೆಲ ನೋಡಿದರು. "ಹೋರಿಗರ ಇತ್ರಿ, ಮುಂದ ಹಾಲು ಕೊಡಾದಲ್ಲ... ಹಾಲು ಬಿಡಲಿಲ್ಲರಿ ಅದಕ್ಕ."

"ಮತ್ತೇನು ತಿಂತಿತ್ತು?"

"ಮೇವು ಹಾಕೋ ಗ್ವಾದಲಿ ಮಣ್ಣು ನೆಕ್ಕತಿತ್ರಿ." ಗೌಡರ ದನಿ ಇಳಿಯಿತು. ಮರುಕ್ಷಣ ತಲೆಯೆತ್ತಿ, "ಅಭಿಷೇಕಕ್ಕ ಬೇಕಾಗಿತ್ತಲ್ರಿ ಅಜ್ಜಾರ! ನಾ ಏನು ಕುಡದೆನೇನು? ಹಂಗ ನೋಡಿದ್ರ ಅದನ್ನ ಸುಲದು ಹೊಲದಾವ ಆ ದುರುಗಪ್ಪನ!"

ಜನ ತಿರುಗಿ ನೋಡಿದರು. ಏರಿಯ ಮೇಲಿಂದ ದುರುಗಪ್ಪ, "ಹೌದ್ರಿ. ಹೊಲದಾವ ನಾನರಿ" ಎಂದ. ಹುಲಿಗೆವ್ವ ಅವನ ತೋಳು ಹಿಡಿದುಕೊಂಡಳು.

ಅಜ್ಜನವರು ಗಿಂಡಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಅರ್ಚಕರು ಮಂತ್ರಕ್ಕೆ ಬಾಯಿ ತೆರೆದರು. ಪೂಜ್ಯರು ಗುಡಿಯ ಕಡೆ ಹೋಗಲಿಲ್ಲ. ಆ ತೊಗಲಿನ ಕರುವಿನ ಮುಂದೆ ಮೊಣಕಾಲೂರಿ ಕೂತು, ಅದರ ಗದ್ದ ಹಿಡಿದು, ತಾಯಂದಿರು ಮಗುವಿಗೆ ಕುಡಿಸುವಂತೆ ಹೊಲಿದ ಬಾಯಿಗೆ ಹಾಲು ಹಿಡಿದರು. ಹಾಲು ಹೊಲಿಗೆಯ ಮೇಲಿಂದ ಇಳಿದು ಮಣ್ಣಿಗೆ ಬಿತ್ತು. ಇನ್ನಷ್ಟು ಹಿಡಿದರು. ಅದೂ ಮಣ್ಣಿಗೆ ಹೋಯಿತು.

"ಕುಡೀವಲ್ದು ನೋಡೋ ಗೌಡಾ," ಎಂದರು. ಅವರ ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು.

ಗಿಂಡಿ ಬರಿದಾಯಿತು. ಆಮೇಲೆ ಅಜ್ಜನವರು ಎದ್ದು ಹೇಳಿದರು: "ದುರುಗನ ಕೈಯಾಗಿನ ರಕ್ತ ಕೆಂಪಗೈತಿ. ಅವಗ ಕಾಣತೈತಿ. ನಿಂದು ಬೆಳ್ಳಗಿತ್ತು. ಈಗ ನೀನ ಹೇಳು, ಗುಡಿ ಹತ್ತಿರಿಂದ ಯಾರನ್ನ ಎಬ್ಬಸೋಣು?"

ಪರ್ವತಗೌಡರು ರುಮಾಲು ತೆಗೆದು ಕೆಳಗಿಟ್ಟರು. ಕೆಂದಿ ಮಾತ್ರ ಹಾಲಿನಿಂದ ತೊಯ್ದ ಆ ಮೂತಿಯನ್ನು ನೆಕ್ಕುತ್ತಲೇ ಇತ್ತು.

ಗೌಡರು ಕರುವಿನ ಬಳಿ ಬಂದರು. ಆಳು ಮುಂದೆ ಬಂದರೂ ಬಿಡದೆ, ಆ ಕರುವನ್ನು ತಾವೇ ಎದೆಗವಚಿಕೊಂಡು ಹೊಂಡ ಸುತ್ತಿ ಆಚೆ ದಡಕ್ಕೆ ನಡೆದರು. ಕುಣಿಯ ಪಕ್ಕದಲ್ಲಿ ಕೂತು, ಹೊಲಿಗೆ ಬಿಚ್ಚಲು ಉಳಿ ಕೊಡು ಎಂದರು.

"ಬ್ಯಾಡ್ರಿ ಗೌಡ್ರ, ನಾ ಬಿಚ್ಚತೀನಿ."

"ನೀ ಹೊಲದಿ ದುರುಗಪ್ಪಾ. ಬಿಚ್ಚೋದು ನಂದು."

ಮೊದಲು ಬಾಯಿಯ ಹೊಲಿಗೆ ಬಿಚ್ಚಿದರು. ರೂಢಿಯಿಲ್ಲದ ಕೈ, ಬೆರಳು ಸೀಳಿ ರಕ್ತ ಬಂತು. ಹುಲ್ಲು ತೆಗೆದು, ತೊಗಲನ್ನು ಆ ದಡದಲ್ಲೇ ಮಣ್ಣು ಮಾಡಿದರು. ಹುಲಿಗೆವ್ವ ಕೈತೊಳೆಯಲು ಚರಿಗೆಯಲ್ಲಿ ನೀರು ತಂದಿಟ್ಟಳು. ಗೌಡರು ಕೈ ತೊಳೆದು, ಉಳಿದ ನೀರನ್ನು ಕುಡಿದರು. "ಎಲ್ಲಿಗೂ ಹೋಗಬ್ಯಾಡ್ರಿ," ಎಂದಷ್ಟೇ ಹೇಳಿ ಎದ್ದು ಹೋದರು.

ಕೆಂದಿ ಅಂದಿನಿಂದ ಹಾಲು ಬಿಡಲಿಲ್ಲ. ಹಟ್ಟಿಯ ಬಾಗಿಲಿಗೆ ಮುಖ ಮಾಡಿ ಒದರಿ ಒದರಿ ದನಿ ಬಿದ್ದುಹೋಯಿತು. ಅದನ್ನು ಕೇಳುತ್ತ ಮಲಗುವುದೇ ಗೌಡರಿಗೆ ಪ್ರಾಯಶ್ಚಿತ್ತವಾಯಿತು. ಅಜ್ಜನವರು ಬೇರೊಂದನ್ನು ಹೇಳಲಿಲ್ಲ. ದುರುಗಪ್ಪ ಕತ್ತಿ ಬಿಟ್ಟನೆಂದು ಬರೆದರೆ ಓದುವವರಿಗೆ ಹಿತವಾದೀತು. ಹೊಟ್ಟೆ ಬಿಡಗೊಡಲಿಲ್ಲ. ಸಂತೆಯ ದಿನ ಅವನು ಆಚೆ ದಡದಲ್ಲೇ ನಿಂತ, ಸಾಯುವವರೆಗೂ. ಕರಿಹೊಂಡದ ಈಶ್ವರನಿಗೆ ಅಂದಿನಿಂದ ಹೊಂಡದ ನೀರೇ ಅಭಿಷೇಕ.

ಗೌಡರ ಹಟ್ಟಿಯಲ್ಲಿ ಆಮೇಲೆ ಹುಟ್ಟಿದ ಕರುಗಳು, ಹೋರಿಯಾಗಲಿ ಕಡಸಾಗಲಿ, ಹೊಟ್ಟೆ ತುಂಬ ಕುಡಿದೇ ಬೆಳೆದವು. ಯಾರು ಹಾಲಿನ ಬಟ್ಟಲು ಕೈಗಿತ್ತರೂ ಗೌಡರದು ಒಂದೇ ಪ್ರಶ್ನೆ: "ಕರ ಕುಡೀತೇನು?"

ಅವರು ಕಡೆಯುಸಿರು ಎಳೆಯುತ್ತಿದ್ದಾಗ ಸೊಸೆ ರೂಢಿಯಂತೆ ಬಾಯಿಗೆ ಹಾಲು ಬಿಡಲು ಹೋದಳು. ಮಾತು ನಿಂತುಹೋಗಿದ್ದ ಮುದುಕರು ತುಟಿ ಬಿಗಿ ಹಿಡಿದರು. ಹಾಲು ಗದ್ದದ ಮೇಲಿಂದ ಇಳಿದು ಹಾಸಿಗೆಗೆ ಬಿತ್ತು. ಮಕ್ಕಳು ಅಳುತ್ತ, "ಒಂದ ಹನಿ ತಗೋರಿ ಯಪ್ಪಾ" ಎಂದರು. ತುಟಿ ತೆರೆಯಲಿಲ್ಲ. ಸೊಸೆಗೆ ಹೊಳೆಯಿತು. ಅವಳು ಕಿವಿಯ ಹತ್ತಿರ ಬಾಗಿ, "ಮಾವಾರ, ಕರ ಕುಡದೈತ್ರಿ" ಎಂದಳು.

ಆಗ ಬಾಯಿ ತೆರೆದರು.