ಕಿರೀಟದ ಹಾವು, ಎದೆಯ ಜೀರುಂಡೆ

ಈಜಿಪ್ಟಿನ ಅರಸನ ಹೆಣಕ್ಕೆ ಬಟ್ಟೆ ಸುತ್ತುತ್ತಿದ್ದರು. ಪಕ್ಕದಲ್ಲಿಟ್ಟ ಕಿರೀಟದ ಮೇಲೆ ಚಿನ್ನದ ಹಾವು ಹೆಡೆಯೆತ್ತಿಯೇ ಇತ್ತು. ಅರಸನ ಹಣೆಯಲ್ಲಿ ನಿಂತು ವೈರಿಗಳನ್ನು ಸುಡುವುದೇ ಅದರ ಕೆಲಸ.

ಹೆಣದ ಎದೆಯ ಮೇಲಿಟ್ಟ ಕಲ್ಲಿನ ಜೀರುಂಡೆಯನ್ನು ಅದು ಕೇಳಿತು: "ಸತ್ತವನನ್ನು ಯಾರಿಂದ ಕಾಯುತ್ತೀಯೆ?"

"ಅವನ ಹೃದಯದಿಂದಲೇ. ಪರಲೋಕದ ದೇವರುಗಳು ಅದನ್ನು ತಕ್ಕಡಿಯಲ್ಲಿಟ್ಟು ತೂಗುವಾಗ ಅದು ಇವನ ಪಾಪ ಬಾಯಿಬಿಡಬಾರದು."

"ಅಂಥ ಪಾಪವೇನು?"

"ಅಣ್ಣನಿಗೆ ವಿಷವಿಕ್ಕಿ ಪಟ್ಟವೇರಿದ. ಆಗ ಅಣ್ಣನ ಹಣೆಯಲ್ಲಿ ನೀನೇ ಇದ್ದೆಯಲ್ಲ?"

"ವೈರಿಗಳು ಹೊರಗಿನಿಂದ ಬರುತ್ತಾರೆ. ನಾನು ಹೊರಗೇ ನೋಡುತ್ತಿದ್ದೆ," ಎಂದಿತು ಹಾವು.

ಅಷ್ಟರಲ್ಲಿ ಸತ್ತ ಅರಸನ ಮಗ ಬಂದು ಕಿರೀಟವನ್ನೆತ್ತಿ ತಲೆಗಿಟ್ಟುಕೊಂಡ. ಅವನ ಬೆರಳುಗಳಿಂದ ಅದೇ ವಿಷದ ವಾಸನೆ ಬಂತು.

ಅವನು ಹೊರಗೆ ಬಂದೊಡನೆ ಹಾವು ಹೆಡೆಯನ್ನು ಇನ್ನಷ್ಟು ಅರಳಿಸಿ, ಎದುರಿಗೆ ತಲೆಬಾಗಿ ನಿಂತಿದ್ದ ಪ್ರಜೆಗಳತ್ತ ಬುಸುಗುಟ್ಟಿತು.