ಹಲ್ಲಿದ್ದ ಕೊಂಬೆ

ಮುದಿ ಕೋತಿ ನಿಂಗಮ್ಮನನ್ನು ನೋಡಲು ಪಕ್ಕದ ಮರದ ಗೆಳತಿ ಕಾಳಮ್ಮ ಬಂದಳು. "ಊಟ ಆಯ್ತೇನೇ ನಿಂಗಿ?" ಎಂದರೆ, "ಹೊಟ್ಟೆ ತುಂಬ ಆಯ್ತು ಅತ್ತೆ" ಎಂದ ಮಗ ಕೆಂಚ. "ಹುಷಾರಾಗಿದ್ದೀಯಾ?" ಎಂದರೆ, "ಅಮ್ಮ ಗುಂಡುಕಲ್ಲಿನ ಹಾಗಿದ್ದಾಳೆ" ಎಂದವನೂ ಅವನೇ.

ಕಾಳಮ್ಮನಿಗೆ ಯಾಕೋ ಸರಿಕಾಣಲಿಲ್ಲ. ಕೋತಿಗಳು ಮಾತಿಗೆ ಕೂತರೆ ಹೇನು ಹೆಕ್ಕಬೇಕಲ್ಲ, ಅವಳೂ ಗೆಳತಿಯ ಬೆನ್ನಿಗೆ ಕೈ ಹಾಕಿದಳು. ಬಂದವರಿಗೆ ಕಾಣುವ ಎದೆಯ ಕೂದಲು ನುಣುಪಾಗಿತ್ತು; ಬೆನ್ನಿನದು ಗಂಟುಗಟ್ಟಿತ್ತು. ಬಿಡಿಸಿದರೆ ಒಳಗೆ ಸಾಲಾಗಿ ಗಾಯಗಳು.

"ಕೊಂಬೆಯಿಂದ ಬಿದ್ದಳು" ಎಂದ ಕೆಂಚ.

"ಆ ಕೊಂಬೆಗೆ ಹಲ್ಲಿತ್ತೇನಪ್ಪಾ? ನೀನು ಸುಮ್ಮನಿರು, ನಿಂಗಿ ಹೇಳಲಿ."

"ಇತ್ತು ಕಣೇ," ಎಂದು ನಿಂಗಮ್ಮ ಮೊದಲ ಸಲ ದನಿ ತೆಗೆದಳು. "ಇಷ್ಟೊತ್ತೂ ನನ್ನ ಪರವಾಗಿ ಮಾತಾಡಿದ್ದು ಅದೇ ಬಾಯಿ."